ಅಮೆರಿಕದಲ್ಲಿ ಬೆಳೆದ ಐರ್ಲೆಂಡ್

ಮಾರ್ಚ್ ತಿಂಗಳ ನಡುವೆ ಅಮೆರಿಕದ ಷಿಕಾಗೊ ನಗರದಲ್ಲಿ ಹರಿಯುವ ನದಿ ಪಚ್ಚೆ ಹಸಿರಾಗುತ್ತದೆ. ಕೊಳಾಯಿ ಕೆಲಸಗಾರರ ಸಂಘದವರು ದೋಣಿ ಏರಿ ಕಿತ್ತಳೆ ಬಣ್ಣದ ಪುಡಿ ಎರಚುತ್ತಾರೆ. ಪುಡಿ ನೀರಿಗೆ ಬಿದ್ದೊಡನೆ ಹಸಿರಾಗಿ ಹರಡುತ್ತದೆ. ದಂಡೆಯ ಮೇಲೆ ಹಸಿರು ಟೋಪಿ, ಹಸಿರು ಅಂಗಿ ತೊಟ್ಟ ಲಕ್ಷಾಂತರ ಜನ ಕೇಕೆ ಹಾಕುತ್ತಾರೆ. ಅವರ ಪಾಲಿಗೆ ಇದು ಐರ್ಲೆಂಡಿನ ಹಬ್ಬ, ಸಂತ ಪ್ಯಾಟ್ರಿಕ್‌ನ ದಿನ.

ಈ ಪದ್ಧತಿ ಆರಂಭವಾದದ್ದು 1962ರಲ್ಲಿ. ಯಾವ ಕಟ್ಟಡದ ಕೊಳಚೆ ನೀರು ಕದ್ದು ನದಿ ಸೇರುತ್ತಿದೆ ಎಂಬುದನ್ನು ಪತ್ತೆ ಮಾಡಲು ಕೊಳಾಯಿ ಕೆಲಸಗಾರರು ಹಸಿರು ಬಣ್ಣವೊಂದನ್ನು ಬಳಸುತ್ತಿದ್ದರು. ಅದೇ ಬಣ್ಣದಿಂದ ಇಡೀ ನದಿಯನ್ನೇ ಹಸಿರಾಗಿಸಿದರೆ ಹೇಗೆಂಬ ಆಲೋಚನೆ ಸಂಘದ ಮುಖಂಡರಿಗೆ ಬಂತು. ಮೊದಲ ವರ್ಷ ಸುರಿದದ್ದು 100 ಪೌಂಡು. ನದಿ ಒಂದು ವಾರ ಹಸಿರಾಗಿಯೇ ಉಳಿಯಿತು! ಇತ್ತ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಲ್ಲೂ ಲಿಫಿ ಎಂಬ ನದಿ ಇದೆ. ಅದಕ್ಕೆ ಬಣ್ಣ ಕಲಸುವ ಸಂಪ್ರದಾಯ ಅಲ್ಲಿಯವರಿಗೆ ಇಲ್ಲ.

ಐರ್ಲೆಂಡಿನದೆಂದು ಜಗತ್ತು ನಂಬಿರುವ ಎಷ್ಟೋ ಸಂಗತಿಗಳ ಕಥೆ ಹೀಗೆಯೇ ಇದೆ. ಅವುಗಳ ಬೇರು ಐರ್ಲೆಂಡಿನಲ್ಲಿರಬಹುದು. ಬೆಳೆದದ್ದು, ಬಣ್ಣ ಬಳಿದುಕೊಂಡದ್ದು ಅಮೆರಿಕದಲ್ಲಿ. ಕೆಲವಕ್ಕೆ ಬೇರೂ ಇಲ್ಲ. ಅಮೆರಿಕದ 2020ರ ಜನಗಣತಿಯಲ್ಲಿ ತಾವು ಪೂರ್ತಿಯಾಗಿಯೋ ಭಾಗಶಃವೋ ಐರಿಷ್ ಮೂಲದವರೆಂದು ಹೇಳಿಕೊಂಡವರ ಸಂಖ್ಯೆ 3.86 ಕೋಟಿ. ಐರ್ಲೆಂಡ್ ಗಣರಾಜ್ಯದ 2022ರ ಜನಸಂಖ್ಯೆಯಾದರೋ ಸುಮಾರು 51 ಲಕ್ಷ. ತಾಯಿನಾಡಿನಲ್ಲಿರುವವರಿಗಿಂತ ಏಳು ಪಟ್ಟು ಹೆಚ್ಚು ಜನ ಕಡಲಾಚೆ ಕುಳಿತು 'ನಾವು ಐರಿಷರು' ಎನ್ನುವಾಗ, ಐರಿಷ್‌ತನವೆಂದರೇನು ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆ ಮೇಲುನೋಟಕ್ಕೆ ತಮಾಷೆಯಾಗಿ ಕಂಡರೂ ಅದರ ಹಿಂದೆ ಹಸಿವು, ಅವಮಾನ, ರಕ್ತಪಾತಗಳ ಚರಿತ್ರೆ ಇದೆ.

ಹಬ್ಬ ಯಾರದು?

ಸಂತ ಪ್ಯಾಟ್ರಿಕ್ 5ನೇ ಶತಮಾನದ ಕ್ರೈಸ್ತ ಧರ್ಮ ಪ್ರಚಾರಕ. ಐರ್ಲೆಂಡಿನ ಪೋಷಕ ಸಂತನಾದ ಈತ ಹುಟ್ಟಿನಿಂದ ಐರಿಷನಲ್ಲ. ರೋಮನ್ನರ ಆಳ್ವಿಕೆ ಕಂಡಿದ್ದ ಬ್ರಿಟನ್ನಿನವನು. ಹದಿನಾರರ ಹರೆಯದಲ್ಲಿ ಐರಿಷ್ ದಾಳಿಕೋರರು ಅವನನ್ನು ಹಿಡಿದೊಯ್ದು ಗುಲಾಮನನ್ನಾಗಿ ಮಾಡಿದರು. ಆರು ವರ್ಷ ಕುರಿ ಕಾಯ್ದು, ತಪ್ಪಿಸಿಕೊಂಡು ಊರು ಸೇರಿದ ಅವನು ಮುಂದೆ ಪಾದ್ರಿಯಾಗಿ ಅದೇ ನಾಡಿಗೆ ಮರಳಿದ. ಐರ್ಲೆಂಡಿನಿಂದ ಹಾವುಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದವನು ಅವನೇ ಎಂಬುದು ಐತಿಹ್ಯ. ಹಿಮಯುಗದ ನಂತರ ಆ ದ್ವೀಪದಲ್ಲಿ ಹಾವುಗಳು ಇದ್ದದ್ದೇ ಇಲ್ಲ ಎನ್ನುತ್ತಾರೆ ವಿಜ್ಞಾನಿಗಳು.

ಐರ್ಲೆಂಡಿನಲ್ಲಿ ಮಾರ್ಚ್ 17 ಬಹುಕಾಲ ಚರ್ಚಿನ ಹಬ್ಬವಾಗಿತ್ತು. ಬೆಳಿಗ್ಗೆ ಪೂಜೆಗೆ ಹೋಗುವುದು, ಎದೆಯ ಮೇಲೆ ಶಾಮ್ರಾಕ್ ಎಂಬ ಮೂರೆಲೆಯ ಸೊಪ್ಪು ಸಿಕ್ಕಿಸಿಕೊಳ್ಳುವುದು, ಮನೆಮಂದಿಯೊಡನೆ ಊಟ ಮಾಡುವುದು; ಅಷ್ಟೇ. 1903ರಲ್ಲಿ ಅದು ಸಾರ್ವಜನಿಕ ರಜಾದಿನವಾಯಿತು. 1927ರಲ್ಲಿ ಬಂದ ಕಾನೂನಿನ ಪ್ರಕಾರ ಅಂದು ಪಾನಗೃಹಗಳನ್ನು ಮುಚ್ಚಬೇಕಿತ್ತು. ಈ ನಿರ್ಬಂಧ ಸಡಿಲವಾದದ್ದು 1960ರ ಕಾಯಿದೆಯಿಂದ. ಅಮೆರಿಕದವರು ಹಸಿರು ಬಣ್ಣದ ಬಿಯರ್ ಕುಡಿದು ಯಾವ ಹಬ್ಬವನ್ನು ಆಚರಿಸುತ್ತಾರೋ, ಆ ಹಬ್ಬದಂದೇ ಐರ್ಲೆಂಡಿನಲ್ಲಿ ಮೂರು ದಶಕಗಳ ಕಾಲ ಪಾನಗೃಹಗಳ ಬಾಗಿಲು ಹಾಕಿರುತ್ತಿತ್ತು ಎಂಬುದು ಸ್ವಾರಸ್ಯಕರ.

ಮೆರವಣಿಗೆಯೂ ಅಮೆರಿಕದ ಕೊಡುಗೆ. ನ್ಯೂಯಾರ್ಕಿನಲ್ಲಿ 1762ರಲ್ಲಿಯೇ, ಅಂದರೆ ಅಮೆರಿಕ ಸ್ವತಂತ್ರ ರಾಷ್ಟ್ರವಾಗುವ ಮೊದಲೇ, ಬ್ರಿಟಿಷ್ ಸೇನೆಯಲ್ಲಿದ್ದ ಐರಿಷ್ ಸೈನಿಕರು ಮೆರವಣಿಗೆ ಹೊರಟಿದ್ದರು. ಡಬ್ಲಿನ್ನಿನಲ್ಲಿ ಸರ್ಕಾರಿ ಮರ್ಯಾದೆಯ ಮೆರವಣಿಗೆ ಆರಂಭವಾದದ್ದು 1931ರಲ್ಲಿ. ಅಮೆರಿಕದ ಮಾದರಿಯ ವೈಭವದ ಉತ್ಸವವನ್ನು ಐರ್ಲೆಂಡ್ ಸರ್ಕಾರ ರೂಪಿಸಿದ್ದು 1995ರಲ್ಲಿ. ಮರುವರ್ಷ ಮೊದಲ ಉತ್ಸವ ನಡೆಯಿತು. ಪ್ರವಾಸಿಗಳನ್ನು ಸೆಳೆಯುವುದು ಅದರ ಉದ್ದೇಶಗಳಲ್ಲೊಂದಾಗಿತ್ತು. ಅಂದರೆ ಐರ್ಲೆಂಡ್ ತನ್ನದೇ ಹಬ್ಬದ ಹೊಸ ರೂಪವನ್ನು ಅಮೆರಿಕದಿಂದ ಆಮದು ಮಾಡಿಕೊಂಡಿತು.

ಹಸಿರು ಬಣ್ಣದ ಕಥೆಯೂ ಸರಳವಲ್ಲ. 1783ರಲ್ಲಿ ಸ್ಥಾಪನೆಯಾದ ಸಂತ ಪ್ಯಾಟ್ರಿಕ್ ಗೌರವ ಶ್ರೇಣಿಯ ಬಣ್ಣ ತಿಳಿನೀಲಿಯಾಗಿತ್ತು. ಬ್ರಿಟಿಷ್ ಆಡಳಿತದ ವಿರುದ್ಧ 1790ರ ದಶಕದಲ್ಲಿ ಎದ್ದ 'ಯುನೈಟೆಡ್ ಐರಿಷ್‌ಮೆನ್' ಸಂಘಟನೆ ಹಸಿರನ್ನು ಬಂಡಾಯದ ಬಣ್ಣವನ್ನಾಗಿ ಮಾಡಿತು. ಇಂದು ಪ್ಲಾಸ್ಟಿಕ್ ಟೋಪಿಗಳಲ್ಲಿ ಮಾರಾಟವಾಗುವ ಹಸಿರು ಒಂದು ಕಾಲಕ್ಕೆ ರಾಜದ್ರೋಹದ ಗುರುತಾಗಿತ್ತು.

ಕ್ಷಾಮ ಕಳಿಸಿದ ಜನ

ಇಷ್ಟೊಂದು ಐರಿಷರು ಅಮೆರಿಕ ಸೇರಿದ್ದಾದರೂ ಹೇಗೆ? 18ನೇ ಶತಮಾನದಲ್ಲಿಯೇ ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತ್ಯದಿಂದ ಪ್ರೆಸ್ಬಿಟೇರಿಯನ್ ಪಂಥದವರು ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋಗಿದ್ದರು. ಆದರೆ ಇಂದಿನ ಐರಿಷ್-ಅಮೆರಿಕನ್ನರ ನೆನಪಿನಲ್ಲಿ ಉಳಿದಿರುವುದು 19ನೇ ಶತಮಾನದ ನಡುವಿನ ಮಹಾಕ್ಷಾಮ.

1841ರ ಜನಗಣತಿಯಂತೆ ಐರ್ಲೆಂಡಿನಲ್ಲಿ ಸುಮಾರು 82 ಲಕ್ಷ ಜನರಿದ್ದರು. ಬಡ ಗೇಣಿದಾರರಿಗೂ ಕೂಲಿಗಳಿಗೂ ಆಲೂಗೆಡ್ಡೆಯೇ ಮುಖ್ಯ ಆಹಾರ. 1845ರಲ್ಲಿ ಶಿಲೀಂಧ್ರದಂಥ ರೋಗಾಣುವೊಂದು ಬೆಳೆಗೆ ತಗಲಿತು. ನೆಲದಲ್ಲಿಯೇ ಗೆಡ್ಡೆ ಕೊಳೆತು ನಾರಿತು. 1852ರ ತನಕ ಕಾಡಿದ ಈ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಜ್ವರಗಳಿಂದಲೂ ಸತ್ತರು. ಅದೇ ಹೊತ್ತಿನಲ್ಲಿ ಐರ್ಲೆಂಡಿನ ಧಾನ್ಯ, ಬೆಣ್ಣೆ, ಜಾನುವಾರು ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಗೇಣಿ ಕೊಡಲಾಗದವರನ್ನು ಜಮೀನ್ದಾರರು ಗುಡಿಸಲು ಕೆಡವಿ ಹೊರಹಾಕಿದರು. 1851ರ ಹೊತ್ತಿಗೆ ಜನಸಂಖ್ಯೆ 66 ಲಕ್ಷಕ್ಕೆ ಇಳಿದಿತ್ತು. ಉತ್ತರ ಐರ್ಲೆಂಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಂದು ಇಡೀ ದ್ವೀಪದ ಜನಸಂಖ್ಯೆ ಸುಮಾರು 70 ಲಕ್ಷ. 1841ರ ಸಂಖ್ಯೆಯನ್ನು ಅದು ಇನ್ನೂ ಮುಟ್ಟಿಲ್ಲ.

1845ರಿಂದ 1855ರ ನಡುವೆ ಸುಮಾರು 15 ಲಕ್ಷ ಐರಿಷರು ಅಮೆರಿಕಕ್ಕೆ ಹೋದರು. ದಾರಿಯಲ್ಲೇ ಅಸಂಖ್ಯ ಪ್ರಯಾಣಿಕರು ಸಾಯುತ್ತಿದ್ದುದರಿಂದ ಆ ಹಡಗುಗಳಿಗೆ 'ಶವಪೆಟ್ಟಿಗೆ ಹಡಗು' ಎಂಬ ಹೆಸರೇ ಬಂತು. ಊರು ಬಿಡುವವನ ಮನೆಯಲ್ಲಿ ಹಿಂದಿನ ರಾತ್ರಿ ನೆಂಟರಿಷ್ಟರು ಸೇರುವುದು ಒಂದು ಪದ್ಧತಿಯಾಯಿತು. ಸತ್ತವರ ಮನೆಯಲ್ಲಿ ಹೆಣ ಕಾಯುವ ರಾತ್ರಿ ಹೇಗೆ ಅಳು, ಹಾಡು, ಕುಡಿತಗಳು ಇರುತ್ತಿದ್ದವೋ ಹಾಗೆಯೇ ಇಲ್ಲಿಯೂ. ಅದನ್ನು ಅವರು 'ಅಮೆರಿಕದ ಹೆಣಗಾವಲು' ಎನ್ನುತ್ತಿದ್ದರು. ಹೋದವನು ಮರಳಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೀಗೆ ಹೋದವರಲ್ಲಿ ಹಲವರ ಮಾತೃಭಾಷೆ ಐರಿಷ್. ಅದು ಇಂಗ್ಲಿಷಿನ ಉಪಭಾಷೆಯಲ್ಲ. ಕೆಲ್ಟಿಕ್ ಬಳಗಕ್ಕೆ ಸೇರಿದ ಸ್ವತಂತ್ರ ಭಾಷೆ. ನ್ಯೂಯಾರ್ಕ್, ಬಾಸ್ಟನ್ ನಗರಗಳ ವಠಾರಗಳಲ್ಲಿ ಒಂದೆರಡು ತಲೆಮಾರು ಕಳೆಯುವುದರೊಳಗೆ ಅದು ಮಕ್ಕಳ ನಾಲಗೆಯಿಂದ ಜಾರಿಹೋಯಿತು. ಭಾಷೆ ಹೋದ ಮೇಲೆ ಉಳಿದದ್ದು ಅಜ್ಜಿ ಆಡುತ್ತಿದ್ದ ಕೆಲವು ಮಾತುಗಳ ನೆನಪು, ಕೆಲವು ಹೆಸರು, ಕೆಲವು ರಾಗ. ಅವುಗಳಿಂದಲೇ ಮೊಮ್ಮಕ್ಕಳು ಮತ್ತೊಂದು ಐರ್ಲೆಂಡನ್ನು ಕಟ್ಟಿಕೊಂಡರು.

ಮೇಲೇಳುವ ರಸ್ತೆ

ಅಮೆರಿಕದ ಮನೆಗಳ ಗೋಡೆಯ ಮೇಲೆ, ಶುಭಾಶಯ ಪತ್ರಗಳ ಮೇಲೆ, ಮದುವೆಯ ಭಾಷಣಗಳಲ್ಲಿ ಪದೇ ಪದೇ ಕಾಣುವ ಒಂದು ಹಾರೈಕೆ ಇದೆ. ನಿನ್ನನ್ನು ಎದುರುಗೊಳ್ಳಲು ರಸ್ತೆ ಮೇಲೆದ್ದು ಬರಲಿ ಎಂಬುದು ಅದರ ಆರಂಭ. 'ಪುರಾತನ ಐರಿಷ್ ಹರಕೆ' ಎಂದು ಅದರ ಕೆಳಗೆ ಅಚ್ಚಾಗಿರುತ್ತದೆ. ರಸ್ತೆ ಮೇಲೇಳುವುದೆಂದರೇನು? ನಡೆಯುವವನ ಮುಂದೆ ದಾರಿ ಏರಾದರೆ ಅದು ಹರಕೆಯೋ ಶಾಪವೋ ಎಂದು ಯಾರಿಗಾದರೂ ಅನುಮಾನ ಬರಬೇಕು.

ಇದರ ಮೂಲ ಐರಿಷ್ ಭಾಷೆಯ 'ಗೊ ನೈರೀ ಅನ್ ಬೋಹರ್ ಲ್ಯಾತ್' ಎಂಬ ಮಾತು. 'ಬೋಹರ್' ಎಂದರೆ ರಸ್ತೆ. ಆ ಭಾಷೆಯಲ್ಲಿ 'ಬೋ' ಎಂದರೆ ಹಸು, ದನ ನಡೆಯುವ ದಾರಿ ಎಂಬ ಅರ್ಥದಿಂದ ಬಂದ ಪದ ಅದು. ಗೊಂದಲವಿರುವುದು ಕ್ರಿಯಾಪದದಲ್ಲಿ. ಅದಕ್ಕೆ 'ಏಳು' ಎಂಬ ಅರ್ಥವೇನೋ ಇದೆ. ಆದರೆ ಅದರೊಡನೆ 'ಜತೆ' ಎಂಬ ಅರ್ಥದ ಪ್ರತ್ಯಯ ಸೇರಿದರೆ ನುಡಿಗಟ್ಟಾಗಿ 'ಯಶಸ್ಸಾಗು' ಎಂಬ ಅರ್ಥ ಬರುತ್ತದೆ. ಹಾಗಾಗಿ ಆ ಮಾತಿನ ಸರಿಯಾದ ಅರ್ಥ 'ನಿನ್ನ ಪ್ರಯಾಣ ಸುಖವಾಗಿ ಸಾಗಲಿ' ಎಂದಷ್ಟೆ.

ಕನ್ನಡದ ಉದಾಹರಣೆಯಿಂದ ಇದು ಸ್ಪಷ್ಟವಾದೀತು. 'ಈ ಸಲ ರಾಗಿ ಕೈಹಿಡಿಯಿತು' ಎಂದು ರೈತ ಹೇಳಿದರೆ ಬೆಳೆ ಚೆನ್ನಾಗಿ ಬಂತೆಂದು ನಮಗೆ ಅರ್ಥವಾಗುತ್ತದೆ. ಕನ್ನಡ ಮರೆತ ಮೊಮ್ಮಗನೊಬ್ಬ ಅದನ್ನು ಪದಕ್ಕೆ ಪದವಿಟ್ಟು ಅನುವಾದಿಸಿ, ರಾಗಿ ತೆನೆಗಳು ಕೈಚಾಚಿ ರೈತನ ಕೈ ಹಿಡಿದವೆಂದು ಚಿತ್ರ ಬರೆದು ಗೋಡೆಗೆ ತೂಗುಹಾಕಿದರೆ ಹೇಗಿರುತ್ತದೆಯೋ, ಮೇಲೇಳುವ ರಸ್ತೆಯ ಕಥೆಯೂ ಹಾಗೆಯೇ. ಒಂದು ಮಾತನ್ನು ಒಪ್ಪಬೇಕು: ತಪ್ಪು ಅನುವಾದದಿಂದ ಹುಟ್ಟಿದ ಚಿತ್ರ ಸುಂದರವಾಗಿದೆ. ಮೂಲದ ಮಾತು ದಿನಬಳಕೆಯದು, ಅನುವಾದದ್ದು ಕವಿತೆಯಂತಿದೆ. ಅದು ಉಳಿದುಕೊಂಡಿರುವುದು ಬಹುಶಃ ಇದರಿಂದಲೇ.

'ಮುಂಜಾವಿನ ಮೇಲ್ತುದಿ ನಿಮಗಿರಲಿ' ಎಂಬರ್ಥದ ಇನ್ನೊಂದು ವಂದನೆಯೂ ಐರಿಷರದೆಂದು ಅಮೆರಿಕದಲ್ಲಿ ಪ್ರಸಿದ್ಧ. 1949ರಲ್ಲಿ ಬಿಂಗ್ ಕ್ರಾಸ್ಬಿ ನಟಿಸಿದ ಚಲನಚಿತ್ರವೊಂದಕ್ಕೆ ಅದೇ ಹೆಸರಿತ್ತು. ಇಂದಿನ ಐರ್ಲೆಂಡಿನಲ್ಲಿ ಹಾಗೆ ಮಾತನಾಡುವವರು ಸಿಗುವುದು ಪ್ರವಾಸಿಗಳನ್ನು ನಗಿಸಲು ಮಾತ್ರ. ಐರಿಷ್ ಭಾಷೆಯಲ್ಲಿ ಎದುರಾದವರಿಗೆ ಹೇಳುವ ಮಾತು 'ದೇವರು ನಿಮಗಿರಲಿ' ಎಂದು. ಅದಕ್ಕೆ ಉತ್ತರ 'ದೇವರೂ ಮೇರಿಯೂ ನಿಮಗಿರಲಿ' ಎಂದು. ಬಂದ ಹಾರೈಕೆಗೆ ಒಂದು ಹಿಡಿ ಸೇರಿಸಿ ಹಿಂತಿರುಗಿಸುವ ಈ ಸೊಗಸಾದ ಪದ್ಧತಿ ಅಮೆರಿಕದ ಶುಭಾಶಯ ಪತ್ರಗಳಿಗೆ ತಲುಪಲಿಲ್ಲ.

ಭಾಷೆ ಕಳೆದುಕೊಂಡವರ ಹಂಬಲ ಕೆಲವೊಮ್ಮೆ ವಿದ್ವತ್ತಿನ ವೇಷ ತೊಡುವುದೂ ಉಂಟು. 2007ರಲ್ಲಿ ಡೇನಿಯಲ್ ಕ್ಯಾಸಿಡಿ ಎಂಬ ಅಮೆರಿಕನ್ ಲೇಖಕರು ಅಮೆರಿಕದ ಬೀದಿಮಾತಿನ ನೂರಾರು ಪದಗಳು ಐರಿಷ್ ಭಾಷೆಯಿಂದ ಬಂದವೆಂದು ವಾದಿಸಿ ಪುಸ್ತಕ ಬರೆದರು. ಜಾಜ್, ಪೋಕರ್ ಮುಂತಾದವೂ ಅವರ ಪಟ್ಟಿಯಲ್ಲಿದ್ದವು. ಪುಸ್ತಕಕ್ಕೆ ಪ್ರಶಸ್ತಿಯೂ ಬಂತು. ಆದರೆ ಧ್ವನಿಯ ಹೋಲಿಕೆ ಬಿಟ್ಟರೆ ಬೇರೆ ಆಧಾರವಿಲ್ಲವೆಂದು ನಿಘಂಟುಕಾರರು ಅದನ್ನು ತಳ್ಳಿಹಾಕಿದರು. ವಿಸ್ಕಿ ಎಂಬ ಪದ 'ಜೀವಜಲ' ಎಂಬರ್ಥದ ಕೆಲ್ಟಿಕ್ ನುಡಿಯಿಂದ ಬಂದಿರುವುದು ನಿಜ. ಹೇರಳ ಎಂಬರ್ಥದ 'ಗಲೋರ್' ಪದದ ಮೂಲವೂ ಅಲ್ಲಿಯೇ ಇದೆ. ನಿಜವಾದ ಸಾಲ ಇಷ್ಟಿದ್ದರೂ ಸುಳ್ಳು ಸಾಲದ ಪಟ್ಟಿ ಹೆಚ್ಚು ಜನಪ್ರಿಯವಾಯಿತು.

ಅದೃಷ್ಟವಂತರೆಂಬ ಅಣಕ

'ಐರಿಷರ ಅದೃಷ್ಟ' ಎಂಬ ಮಾತು ಇನ್ನೂ ವಿಚಿತ್ರ. ಶತಮಾನಗಳ ಕಾಲ ಪರರ ಆಳ್ವಿಕೆ, ಕ್ಷಾಮ, ವಲಸೆ ಕಂಡ ಜನಕ್ಕೆ ಅದೃಷ್ಟವಂತರೆಂಬ ಹೆಸರು ಬಂದದ್ದು ಹೇಗೆ? ಐರಿಷ್-ಅಮೆರಿಕನ್ ಚರಿತ್ರೆಯ ವಿದ್ವಾಂಸ ಎಡ್ವರ್ಡ್ ಓಡೊನೆಲ್ ಅವರ ಪ್ರಕಾರ ಈ ಮಾತಿನ ಮೂಲ 19ನೇ ಶತಮಾನದ ಅಮೆರಿಕದ ಗಣಿಗಳಲ್ಲಿದೆ. ಪಶ್ಚಿಮದ ಚಿನ್ನ, ಬೆಳ್ಳಿ ಗಣಿಗಳಲ್ಲಿ ಹಲವು ಐರಿಷರು ದಿಢೀರ್ ಶ್ರೀಮಂತರಾದರು. ನೆವಾಡ ಪ್ರಾಂತ್ಯದ ಕಾಮ್‌ಸ್ಟಾಕ್ ಬೆಳ್ಳಿ ನಿಕ್ಷೇಪದಲ್ಲಿ 1873ರಲ್ಲಿ ಭಾರಿ ಅದಿರು ಸಿಕ್ಕಿ 'ಬೆಳ್ಳಿ ದೊರೆ'ಗಳೆನಿಸಿದ ಮೆಕೇ, ಫೇರ್, ಫ್ಲಡ್, ಓಬ್ರಿಯನ್ ಈ ನಾಲ್ವರೂ ಐರಿಷ್ ಮೂಲದವರು. ಮೆಕೇ ಹುಟ್ಟಿದ್ದು ಡಬ್ಲಿನ್ನಿನ ಬಡ ಕುಟುಂಬದಲ್ಲಿ.

ಓಡೊನೆಲ್ ಅವರ ವಿವರಣೆಯಂತೆ ಆ ಮಾತಿನಲ್ಲಿ ಮೆಚ್ಚುಗೆಗಿಂತ ಕುಹಕ ಹೆಚ್ಚಾಗಿತ್ತು. ಇವರಿಗೆ ಬುದ್ಧಿ ಎಲ್ಲಿಂದ ಬರಬೇಕು, ಬರಿಯ ಅದೃಷ್ಟದಿಂದ ಸಿಕ್ಕಿರಬೇಕು ಎಂಬ ತಾತ್ಸಾರ ಅದು. ಕಾಲ ಕಳೆದಂತೆ ಕುಹಕ ಮರೆತುಹೋಗಿ ಹೊಗಳಿಕೆ ಉಳಿಯಿತು. ಬೈಗುಳವನ್ನೇ ಬಿರುದಾಗಿಸಿಕೊಂಡ ಇನ್ನೊಂದು ನಿದರ್ಶನ ನೋಟರ್ ಡಾಮ್ ವಿಶ್ವವಿದ್ಯಾಲಯದ ಕ್ರೀಡಾ ತಂಡದ್ದು. 'ಕಾದಾಡುವ ಐರಿಷರು' ಎಂಬ ಹೆಸರನ್ನು ಆ ವಿಶ್ವವಿದ್ಯಾಲಯ 1927ರಲ್ಲಿ ಅಧಿಕೃತವಾಗಿ ಅಂಗೀಕರಿಸಿತು.

ಊಟದ ತಟ್ಟೆ, ಹಾಡಿನ ತಟ್ಟೆ

ಸಂತ ಪ್ಯಾಟ್ರಿಕ್ ದಿನದಂದು ಅಮೆರಿಕದವರು ತಪ್ಪದೆ ತಿನ್ನುವುದು ಉಪ್ಪು ಹಾಕಿ ಕೆಡದಂತೆ ಇಟ್ಟ ದನದ ಮಾಂಸ ಮತ್ತು ಎಲೆಕೋಸು. ಐರ್ಲೆಂಡಿನ ಹಳ್ಳಿಗರ ಹಬ್ಬದೂಟ ಹಂದಿಮಾಂಸ ಮತ್ತು ಎಲೆಕೋಸು. ಅಲ್ಲಿ ಹಸು ಇದ್ದದ್ದು ಹಾಲು ಬೆಣ್ಣೆಗೆ. ಕಾರ್ಕ್ ಬಂದರಿನಿಂದ 17, 18ನೇ ಶತಮಾನಗಳಲ್ಲಿ ಉಪ್ಪು ಹಾಕಿದ ದನದ ಮಾಂಸ ಭಾರಿ ಪ್ರಮಾಣದಲ್ಲಿ ರಫ್ತಾಗುತ್ತಿತ್ತಾದರೂ ಅದನ್ನು ತಯಾರಿಸುತ್ತಿದ್ದ ಬಡವರಿಗೆ ತಿನ್ನುವ ಶಕ್ತಿ ಇರಲಿಲ್ಲ. ನ್ಯೂಯಾರ್ಕಿಗೆ ಬಂದ ಮೇಲೆ ಪಕ್ಕದ ಬೀದಿಯ ಯಹೂದಿ ಅಂಗಡಿಗಳಲ್ಲಿ ಅದು ಕೈಗೆಟುಕುವ ಬೆಲೆಗೆ ಸಿಕ್ಕಿತು. ಹೀಗೆ ಯಹೂದಿಗಳ ಅಂಗಡಿಯ ಮಾಂಸ ಐರಿಷರ 'ಸಾಂಪ್ರದಾಯಿಕ' ಊಟವಾಯಿತು.

ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನ 'ಸಾವಿನ್' ಹಬ್ಬದಂದು ಐರ್ಲೆಂಡಿನವರು ಟರ್ನಿಪ್ ಗೆಡ್ಡೆ ಕೊರೆದು ದೀಪವಿಡುತ್ತಿದ್ದರು. ಅಮೆರಿಕದಲ್ಲಿ ಅದಕ್ಕಿಂತ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು. ಇಂದಿನ ಹ್ಯಾಲೋವೀನ್ ಕುಂಬಳಕಾಯಿ ದೀಪ ಬಂದದ್ದು ಹೀಗೆ. ಈಗ ಐರ್ಲೆಂಡಿನ ಮಕ್ಕಳೂ ಕುಂಬಳಕಾಯಿಯನ್ನೇ ಕೊರೆಯುತ್ತಾರೆ.

ಐರಿಷ್ ಹಾಡುಗಳೆಂದು ಹೆಸರಾದ ಎಷ್ಟೋ ಹಾಡುಗಳು ನ್ಯೂಯಾರ್ಕಿನ ಸಂಗೀತ ಪ್ರಕಾಶಕರ ಬೀದಿಯಲ್ಲಿ ತಯಾರಾದವು. ಐರಿಷ್ ಕಣ್ಣುಗಳ ನಗುವನ್ನು ಹಾಡಿ ಹೊಗಳುವ 1912ರ ಹಾಡು ಅಮೆರಿಕನ್ನರ ಕೃತಿ. 'ಮದರ್ ಮಕ್ರೀ' ಎಂಬ 1910ರ ಹಾಡಿನ ಹೆಸರಿನಲ್ಲಿರುವ 'ಮಕ್ರೀ', ಐರಿಷಿನಲ್ಲಿ 'ನನ್ನ ಹೃದಯವೇ' ಎಂಬ ಮಾತಿನ ಇಂಗ್ಲಿಷ್ ರೂಪ. 'ಡ್ಯಾನಿ ಬಾಯ್' ಕೇಳಿ ಕಣ್ಣೀರು ಹಾಕದ ಐರಿಷ್-ಅಮೆರಿಕನ್ನರಿಲ್ಲ ಎನ್ನುತ್ತಾರೆ. ಅದರ ಸಾಹಿತ್ಯ ಬರೆದವರು ಫ್ರೆಡರಿಕ್ ವೆದರ್ಲಿ ಎಂಬ ಇಂಗ್ಲಿಷ್ ವಕೀಲರು. ಐರ್ಲೆಂಡಿನ ಉತ್ತರ ಭಾಗದಲ್ಲಿ ಸಂಗ್ರಹವಾಗಿ 1855ರಲ್ಲಿ ಅಚ್ಚಾದ ರಾಗವೊಂದನ್ನು ಅಮೆರಿಕದಲ್ಲಿದ್ದ ಅವರ ಅತ್ತಿಗೆ ಕಳಿಸಿಕೊಟ್ಟರು. ವೆದರ್ಲಿ ತಾವು ಮೊದಲೇ ಬರೆದಿಟ್ಟಿದ್ದ ಸಾಲುಗಳನ್ನು ಅದಕ್ಕೆ ಹೊಂದಿಸಿ 1913ರಲ್ಲಿ ಪ್ರಕಟಿಸಿದರು. ಐರಿಷ್ ರಾಗ, ಇಂಗ್ಲಿಷ್ ಕವಿ, ಅಮೆರಿಕದ ಅಂಚೆ. ಮೂರೂ ಸೇರಿ ಒಂದು 'ಐರಿಷ್' ಹಾಡು.

ಅವಮಾನದ ಲೆಕ್ಕ

ಇಲ್ಲಿಯ ತನಕ ಹೇಳಿದ್ದು ನಗುತ್ತ ಕೇಳಬಹುದಾದ ಸಂಗತಿಗಳು. ಆದರೆ ನೆನಪಿನ ರೂಪಾಂತರ ಯಾವಾಗಲೂ ನಿರುಪದ್ರವಿಯಲ್ಲ.

ಐರಿಷ್ ವಲಸೆಗಾರರು ಅಮೆರಿಕದಲ್ಲಿ ಅವಮಾನ ಉಂಡದ್ದು ನಿಜ. 1844ರಲ್ಲಿ ಫಿಲಡೆಲ್ಫಿಯದಲ್ಲಿ ಕ್ಯಾಥೊಲಿಕ್ ಚರ್ಚುಗಳಿಗೆ ಬೆಂಕಿ ಬಿತ್ತು. 1850ರ ದಶಕದಲ್ಲಿ ವಲಸೆಗಾರರ ವಿರೋಧವನ್ನೇ ಕಾರ್ಯಕ್ರಮವಾಗಿಸಿಕೊಂಡ ಪಕ್ಷವೊಂದು ಬೆಳೆಯಿತು. ಖ್ಯಾತ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಐರಿಷರನ್ನು ಬಾಟಲಿ ಹಿಡಿದ ಕಪಿಗಳಂತೆ ಚಿತ್ರಿಸಿದ. 'ಐರಿಷರು ಅರ್ಜಿ ಹಾಕಬೇಕಾಗಿಲ್ಲ' ಎಂಬ ಕೆಲಸದ ಜಾಹೀರಾತುಗಳ ನೆನಪು ತಲೆಮಾರುಗಳ ತನಕ ಉಳಿಯಿತು.

2002ರಲ್ಲಿ ರಿಚರ್ಡ್ ಜೆನ್ಸನ್ ಎಂಬ ಇತಿಹಾಸಕಾರರು ಇಂಥ ಜಾಹೀರಾತುಗಳು ಹೆಚ್ಚುಕಡಿಮೆ ಕಟ್ಟುಕಥೆ, ಐರಿಷರು ತಮ್ಮನ್ನು ತಾವು ಸಂತ್ರಸ್ತರೆಂದು ಕಲ್ಪಿಸಿಕೊಂಡದ್ದರ ಫಲ ಎಂದು ಬರೆದರು. ಹದಿಮೂರು ವರ್ಷಗಳ ನಂತರ ಅವರಿಗೆ ಉತ್ತರ ಕೊಟ್ಟದ್ದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ, ರೆಬೆಕಾ ಫ್ರೀಡ್ ಎಂಬ ಶಾಲಾ ಬಾಲಕಿ. ಹಳೆಯ ಪತ್ರಿಕೆಗಳ ಗಣಕೀಕೃತ ಸಂಗ್ರಹಗಳನ್ನು ಜಾಲಾಡಿದ ಆಕೆ ಅಂಥ ಜಾಹೀರಾತುಗಳನ್ನು ಹತ್ತಾರು ಸಂಖ್ಯೆಯಲ್ಲಿ ಪತ್ತೆ ಮಾಡಿ, 2015ರಲ್ಲಿ ಪ್ರತಿಷ್ಠಿತ ಇತಿಹಾಸ ನಿಯತಕಾಲಿಕದಲ್ಲಿ ಪ್ರಕಟಿಸಿದಳು. ಜನರ ನೆನಪು ಸುಳ್ಳಾಗಿರಲಿಲ್ಲ. ವಿದ್ವಾಂಸರೇ ಅದನ್ನು ಅವಸರದಲ್ಲಿ ಸುಳ್ಳೆಂದಿದ್ದರು. 'ಅಜ್ಜನ ಕಾಲದ ಮಾತೆಲ್ಲ ಕಟ್ಟುಕಥೆ' ಎನ್ನುವವರಿಗೆ ಇದು ಎಚ್ಚರಿಕೆ.

ಆದರೆ ಇದೇ ನೆನಪಿನ ಇನ್ನೊಂದು ಮುಖ ಬೇರೆ. 1842ರಲ್ಲಿ ಐರಿಷ್ ನಾಯಕ ಡೇನಿಯಲ್ ಓಕಾನೆಲ್ ಮೊದಲಾಗಿ ಸುಮಾರು 60,000 ಮಂದಿ ಐರ್ಲೆಂಡಿನಲ್ಲಿ ಸಹಿ ಮಾಡಿದ ಮನವಿಯೊಂದು ಬಾಸ್ಟನ್ ತಲುಪಿತು. ಅಮೆರಿಕದಲ್ಲಿರುವ ಐರಿಷರು ಕರಿಯರ ಗುಲಾಮಗಿರಿಯನ್ನು ವಿರೋಧಿಸುವವರ ಜತೆ ನಿಲ್ಲಬೇಕು ಎಂಬುದು ಅದರ ಕೋರಿಕೆ. ಅದನ್ನು ಹೊತ್ತು ತಂದವರು ಚಾರ್ಲ್ಸ್ ರೆಮಂಡ್ ಎಂಬ ಕರಿಯ ಹೋರಾಟಗಾರರು. ಐರಿಷ್-ಅಮೆರಿಕನ್ ಮುಖಂಡರು ಆ ಮನವಿಗೆ ಬೆನ್ನು ತಿರುಗಿಸಿದರು. ತಾವು ಅಮೆರಿಕನ್ನರು, ಹೊರಗಿನವರು ತಮಗೆ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಅವರ ನಿಲುವು. ತಾಯಿನಾಡಿನ ಹಾಡು ಬೇಕು, ಬುದ್ಧಿವಾದ ಬೇಡ ಎಂಬಂತಾಯಿತು.

1863ರ ಜುಲೈನಲ್ಲಿ ಅಂತರ್ಯುದ್ಧಕ್ಕೆ ಕಡ್ಡಾಯ ಸೇನಾ ಭರ್ತಿ ವಿರೋಧಿಸಿ ನ್ಯೂಯಾರ್ಕಿನಲ್ಲಿ ದಂಗೆಯೆದ್ದಿತು. 300 ಡಾಲರ್ ಕೊಟ್ಟವರಿಗೆ ಭರ್ತಿಯಿಂದ ವಿನಾಯಿತಿ ಇತ್ತು; ಬಡವರ ಸಿಟ್ಟಿಗೆ ಕಾರಣವಿತ್ತು. ಆದರೆ ಐರಿಷರೇ ಹೆಚ್ಚಾಗಿದ್ದ ಗುಂಪುಗಳು ಆ ಸಿಟ್ಟನ್ನು ತೀರಿಸಿಕೊಂಡದ್ದು ಕರಿಯರ ಮೇಲೆ. ಕರಿಯ ಮಕ್ಕಳ ಅನಾಥಾಲಯವನ್ನು ಸುಟ್ಟರು. ಮಕ್ಕಳು ಹೇಗೋ ಪಾರಾದರು. ಹಲವರನ್ನು ಬೀದಿಯಲ್ಲಿ ನೇಣಿಗೆ ಹಾಕಿದರು. ಇದೇ ಯುದ್ಧದಲ್ಲಿ ಸುಮಾರು ಒಂದೂವರೆ ಲಕ್ಷ ಐರಿಷರು ಉತ್ತರದ ಸೇನೆಯಲ್ಲಿ ಹೋರಾಡಿದರು ಎಂಬುದೂ ಅಷ್ಟೇ ಸತ್ಯ. ಮಾರ್ಚ್ 17ರ ಮೆರವಣಿಗೆಯಲ್ಲಿ ಎರಡನೆಯದು ನೆನಪಾಗುತ್ತದೆ, ಮೊದಲನೆಯದು ಆಗುವುದಿಲ್ಲ.

ಈಚಿನ ದಶಕಗಳಲ್ಲಿ ಇನ್ನೂ ಅಪಾಯಕರವಾದ ಕಥೆಯೊಂದು ಹರಡಿದೆ. ಐರಿಷರೂ ಅಮೆರಿಕದಲ್ಲಿ ಗುಲಾಮರಾಗಿದ್ದರು, ಅವರು ದೂರದೆ ಮೇಲೆದ್ದರು, ಕರಿಯರೇಕೆ ಇನ್ನೂ ದೂರುತ್ತಾರೆ ಎಂಬುದು ಅದರ ತಿರುಳು. 1650ರ ದಶಕದಲ್ಲಿ ಕ್ರಾಮ್‌ವೆಲ್‌ನ ಆಡಳಿತ ಐರಿಷರನ್ನು ಬಲವಂತವಾಗಿ ಬಾರ್ಬಡೋಸಿಗೆ ಸಾಗಿಸಿದ್ದು, ಅಲ್ಲಿ ಅವರು ಕಠಿಣ ಜೀತ ಮಾಡಿದ್ದು ನಿಜ. ಆದರೆ ಆ ಜೀತಕ್ಕೆ ವರ್ಷಗಳ ಮಿತಿ ಇತ್ತು. ಅದು ಹುಟ್ಟಿದ ಮಕ್ಕಳಿಗೆ ಅಂಟುತ್ತಿರಲಿಲ್ಲ. ಆಫ್ರಿಕದವರ ಗುಲಾಮಗಿರಿ ಜೀವಮಾನದ್ದು, ತಾಯಿಯಿಂದ ಮಗುವಿಗೆ ಬರುವಂಥದು. ಲಿಮರಿಕ್ ನಗರದ ಗ್ರಂಥಪಾಲಕ ಲಿಯಂ ಹೋಗನ್ ಈ ಕಟ್ಟುಕಥೆಯ ಎಳೆ ಎಳೆ ಬಿಡಿಸಿ ತೋರಿಸಿದರು. 'ಐರಿಷ್ ಗುಲಾಮರು' ಎಂದು ಹಂಚಲಾದ ಕೆಲವು ಛಾಯಾಚಿತ್ರಗಳು 20ನೇ ಶತಮಾನದ ಆರಂಭದ ಅಮೆರಿಕದ ಬಾಲಕಾರ್ಮಿಕರವು. 17ನೇ ಶತಮಾನದಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು? 2016ರಲ್ಲಿ ಸುಮಾರು 80 ವಿದ್ವಾಂಸರು ಈ ಕಥೆಯನ್ನು ಖಂಡಿಸಿ ಬಹಿರಂಗ ಪತ್ರ ಬರೆದರು. ಒಂದು ಜನಾಂಗದ ನೋವನ್ನು ಇನ್ನೊಂದರ ಬಾಯಿ ಮುಚ್ಚಿಸಲು ಬಳಸಿದ್ದು ಇಲ್ಲಿನ ಅನ್ಯಾಯ.

ದೂರದ ಪ್ರೀತಿ ಐರ್ಲೆಂಡಿಗೇ ತೊಂದರೆ ತಂದದ್ದೂ ಉಂಟು. ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ ಸುಮಾರು 3,500 ಜನ ಸತ್ತರು. ಆ ದಿನಗಳಲ್ಲಿ ನ್ಯೂಯಾರ್ಕಿನ ಪಾನಗೃಹಗಳಲ್ಲಿ ಡಬ್ಬಿ ತಿರುಗಿಸಿ ಸಂಗ್ರಹಿಸಿದ ಹಣ ಅಲ್ಲಿಗೆ ಹೋಗುತ್ತಿತ್ತು. ಅದರಿಂದ ಬಂದೂಕು ಕೊಳ್ಳಲಾಗುತ್ತಿದೆ ಎಂಬುದು ಡಬ್ಲಿನ್ ಸರ್ಕಾರದ ಆಕ್ಷೇಪವಾಗಿತ್ತು. ಹಣ ಸಂಗ್ರಹಿಸುತ್ತಿದ್ದ ನೊರೈಡ್ ಸಂಸ್ಥೆಯ ಸ್ಥಾಪಕ ಮೈಕೇಲ್ ಫ್ಲಾನರಿ ಅವರನ್ನು 1983ರ ನ್ಯೂಯಾರ್ಕ್ ಮೆರವಣಿಗೆಯ ಅಗ್ರ ನಾಯಕರನ್ನಾಗಿ ಮಾಡಿದಾಗ ಐರ್ಲೆಂಡ್ ಸರ್ಕಾರವೇ ಆ ಮೆರವಣಿಗೆಯನ್ನು ಬಹಿಷ್ಕರಿಸಿತು! 1998ರ ಶಾಂತಿ ಒಪ್ಪಂದದ ಮಾತುಕತೆಗೆ ಅಧ್ಯಕ್ಷತೆ ವಹಿಸಿದ ಜಾರ್ಜ್ ಮಿಚೆಲ್ ಕೂಡ ಅಮೆರಿಕದವರೇ ಎಂಬುದನ್ನು ಮರೆಯುವಂತಿಲ್ಲ.

ಮರಳಿ ಬಂದದ್ದು

ಹಾಗಾದರೆ ಅಮೆರಿಕದ ಐರಿಷ್‌ತನವೆಲ್ಲ ನಕಲಿಯೇ? ಐರ್ಲೆಂಡಿನಲ್ಲಿ ಅಂಥವರನ್ನು 'ಪ್ಲಾಸ್ಟಿಕ್ ಪ್ಯಾಡಿ' ಎಂದು ಹಾಸ್ಯ ಮಾಡುವುದುಂಟು. ಆದರೆ ಚರಿತ್ರೆ ಅಷ್ಟು ಸುಲಭವಾಗಿ ತೀರ್ಪು ಕೊಡುವುದಿಲ್ಲ.

ಕಾರ್ಕ್ ಪ್ರಾಂತ್ಯದಲ್ಲಿ ಹುಟ್ಟಿ ಷಿಕಾಗೊ ಪೊಲೀಸ್ ಮುಖ್ಯಸ್ಥರಾದ ಫ್ರಾನ್ಸಿಸ್ ಓನೀಲ್ ತಮ್ಮ ಊರಿನ ವಲಸೆಗಾರರಿಂದ ಜನಪದ ರಾಗಗಳನ್ನು ಕೇಳಿ ಸಂಗ್ರಹಿಸಿದರು. 1903ರಲ್ಲಿ ಅವರು ಪ್ರಕಟಿಸಿದ ಸಂಗ್ರಹದಲ್ಲಿ 1,850 ರಾಗಗಳಿದ್ದವು. ಐರ್ಲೆಂಡಿನ ವಾದ್ಯಗಾರರು ಇಂದಿಗೂ ಅದನ್ನು ನೋಡಿಕೊಳ್ಳುತ್ತಾರೆ. ಸ್ಲೈಗೊ ಪ್ರಾಂತ್ಯದ ಪಿಟೀಲುಗಾರ ಮೈಕೇಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋದರು. 1920ರ ದಶಕದಲ್ಲಿ ಅವರು ನ್ಯೂಯಾರ್ಕಿನಲ್ಲಿ ನುಡಿಸಿದ ಗ್ರಾಮಫೋನ್ ತಟ್ಟೆಗಳು ಊರಿಗೆ ಬಂದವು. ಬೇರೆ ಪ್ರಾಂತ್ಯಗಳ ಪಿಟೀಲುಗಾರರೂ ತಮ್ಮ ಶೈಲಿ ಬಿಟ್ಟು ಅವರಂತೆ ನುಡಿಸತೊಡಗಿದರು. 1994ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಯುರೋಪಿನ ಸಂಗೀತ ಸ್ಪರ್ಧೆಯ ಬಿಡುವಿನಲ್ಲಿ ಏಳು ನಿಮಿಷ ಪ್ರದರ್ಶನಗೊಂಡು ಜಗತ್ಪ್ರಸಿದ್ಧವಾದ 'ರಿವರ್‌ಡ್ಯಾನ್ಸ್' ನೃತ್ಯದ ಮುಖ್ಯ ಕಲಾವಿದರಿಬ್ಬರೂ ಅಮೆರಿಕದಲ್ಲಿ ಹುಟ್ಟಿದವರು. ಮೈಕೇಲ್ ಫ್ಲಾಟ್ಲಿ ಷಿಕಾಗೊದವರು, ಜೀನ್ ಬಟ್ಲರ್ ನ್ಯೂಯಾರ್ಕಿನವರು.

ಐರ್ಲೆಂಡಿಗೂ ಈ ನಂಟು ಬೇಕು. 1963ರಲ್ಲಿ ಅಧ್ಯಕ್ಷ ಕೆನಡಿ ಮುತ್ತಜ್ಜನ ಊರು ನ್ಯೂರಾಸಿಗೆ ಬಂದಾಗ ಇಡೀ ದೇಶ ಸಂಭ್ರಮಿಸಿತು. 2011ರಲ್ಲಿ ಒಬಾಮ ಅವರ ತಾಯಿಯ ಕಡೆಯ ಪೂರ್ವಜನೊಬ್ಬನ ಊರು ಮನಿಗಾಲ್‌ಗೆ ಭೇಟಿ ನೀಡಿದರು. 2014ರಲ್ಲಿ ಹೆದ್ದಾರಿಯಲ್ಲಿ ಅವರ ಹೆಸರಿನ ವಿಶ್ರಾಂತಿ ತಾಣವೇ ತೆರೆಯಿತು. ವಿದೇಶಗಳಲ್ಲಿರುವ ಐರಿಷ್ ಮೂಲದವರೊಂದಿಗಿನ ಬಾಂಧವ್ಯವನ್ನು ರಾಷ್ಟ್ರ ಗೌರವಿಸುತ್ತದೆ ಎಂಬ ಮಾತು 1998ರ ತಿದ್ದುಪಡಿಯಿಂದ ಸಂವಿಧಾನವನ್ನೇ ಸೇರಿತು. ಇತ್ತ ಐರಿಷ್ ಭಾಷೆಯ ಸ್ಥಿತಿ ನೋಡಿದರೆ, 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಅದು ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72,000 ಮಂದಿ ಮಾತ್ರ. ನುಡಿಗಟ್ಟಿನ ಅರ್ಥ ಮರೆಯುವುದು ಅಮೆರಿಕದವರಿಗೆ ಮಾತ್ರ ಬಂದ ಕಷ್ಟವಲ್ಲ.

ಕ್ಷಾಮದ ನೆನಪನ್ನು ಬಳಸುವ ಬೇರೊಂದು ರೀತಿಯೂ ಇದೆ. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಐರ್ಲೆಂಡಿನ ಹಸಿವಿನ ಸುದ್ದಿ ಕೇಳಿ 170 ಡಾಲರ್ ಕೂಡಿಸಿ ಕಳಿಸಿದರು. ಅದಕ್ಕೆ ಕೇವಲ ಹದಿನಾರು ವರ್ಷಗಳ ಹಿಂದೆ ಅವರನ್ನು ಸರ್ಕಾರ ತಮ್ಮ ನೆಲದಿಂದ ಒಕ್ಕಲೆಬ್ಬಿಸಲು ತೊಡಗಿತ್ತು. ನೂರಾರು ಮೈಲಿ ನಡೆಯುವಾಗ ದಾರಿಯಲ್ಲಿ ಸಾವಿರಾರು ಜನ ಸತ್ತಿದ್ದರು. ಅವರಿಗೂ ಐರಿಷರಿಗೂ ಭಾಷೆಯ ನಂಟಿರಲಿಲ್ಲ, ರಕ್ತದ ನಂಟಿರಲಿಲ್ಲ. ಕಾರ್ಕ್ ಪ್ರಾಂತ್ಯದ ಮಿಡಲ್ಟನ್ ಊರಿನಲ್ಲಿ 2017ರಲ್ಲಿ ಇದರ ನೆನಪಿಗೆ ಉಕ್ಕಿನ ಒಂಬತ್ತು ದೊಡ್ಡ ಗರಿಗಳ ಸ್ಮಾರಕ ಅನಾವರಣಗೊಂಡಿತು. ಗರಿಗಳು ಬಟ್ಟಲಿನಾಕಾರದಲ್ಲಿ ನಿಂತಿವೆ, ಅನ್ನದ ಬಟ್ಟಲಿನಂತೆ. 2020ರಲ್ಲಿ ಕೋವಿಡ್ ರೋಗ ಅಮೆರಿಕದ ನವಾಹೊ, ಹೋಪಿ ಮೂಲನಿವಾಸಿಗಳನ್ನು ಕಾಡಿದಾಗ ಅವರ ನೆರವಿನ ನಿಧಿಗೆ ಐರ್ಲೆಂಡಿನಿಂದ ಸಾವಿರಾರು ಜನ ಹಣ ಕಳಿಸಿದರು. ಹಲವರು ಜತೆಗೆ ಬರೆದ ಟಿಪ್ಪಣಿಗಳಲ್ಲಿ 1847ರ ಆ 170 ಡಾಲರಿನ ಪ್ರಸ್ತಾಪವಿತ್ತು.